ಹಂದಿ ಕಿಡ್ನಿ ನಮ್ಮ ಮಾವನಿಗೆ ಆಗುತ್ತಾ?

ಪ್ರಶ್ನೆ: ಮಾವ ಡಯಾಲಿಸಿಸ್‌ಗೆಂದು ಆಳಂದದಿಂದ ಕಲಬುರಗಿಗೆ ಬಸ್ಸಲ್ಲಿ ಓಡಾಡುತ್ತಾರೆ. ಹಂದಿ ಕಿಡ್ನಿ ಹಾಕುತ್ತಾರಂತೆ, ನಿಜವೇ? ಅತ್ತೆ ಮಾತ್ರ ‘ಛೀ’ ಅಂತಾರೆ.
- ಓದುಗರು, ಆಳಂದ

ಉತ್ತರ: ನಿಜ. 2024ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 62 ವರ್ಷದವರೊಬ್ಬರಿಗೆ ಹಾಕಿದರು. ಆ ಹಂದಿಯ ಜೀನ್‌ಗಳಲ್ಲಿ 69 ಬದಲಾವಣೆ ಮಾಡಿದ್ದರು. ಹಂದಿಯ ಜೀವಕೋಶದ ಮೇಲೆ ಒಂದು ಬಗೆಯ ಸಕ್ಕರೆ ಇರುತ್ತದೆ. ಅದನ್ನು ಕಂಡರೆ ನಮ್ಮ ರಕ್ತಕ್ಕೆ ಆಗಲ್ಲ, ಗಂಟೆಗಳಲ್ಲೇ ಕಿಡ್ನಿ ಕಪ್ಪಾಗುತ್ತದೆ. ಅದಕ್ಕೇ ಆ ಸಕ್ಕರೆ ಮಾಡುವ ಜೀನ್ ತೆಗೆದು, ಮನುಷ್ಯರ ಕೆಲವು ಜೀನ್ ಸೇರಿಸುತ್ತಾರೆ. ಆ ರೋಗಿ ಬದುಕಿದ್ದು ಸುಮಾರು ಎರಡು ತಿಂಗಳು. ಕಿಡ್ನಿಯಿಂದಲೇ ಸತ್ತರು ಅನ್ನೋಕೆ ಸುಳಿವಿಲ್ಲ ಎಂದಿತು ಆಸ್ಪತ್ರೆ. ಇದಿನ್ನೂ ಪ್ರಯೋಗ, ಸುಮ್ನೆ ಕಾಯುತ್ತಾ ಕೂರಬೇಡಿ. ಕಸಿ ಮಾಡುವ ಆಸ್ಪತ್ರೆ ಮೂಲಕ, ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಮಾವನ ಹೆಸರು ನೋಂದಾಯಿಸಿ. ಡಯಾಲಿಸಿಸ್ ತಪ್ಪಿಸಬೇಡಿ. ಅಂದಹಾಗೆ, ಹಿಂದೆ ಇನ್ಸುಲಿನ್ ಹಂದಿಯಿಂದಲೂ ಬರುತ್ತಿತ್ತು. ಅತ್ತೆಗೆ ಹೇಳಿ ನೋಡಿ!