ಶೆಡ್ಡಿನ ಪತ್ರಾಸ್ ಸೋರಿಕೆ: ಮೇಲೆ ಹತ್ತುವ ಮುಂಚೆ ಇಷ್ಟು ನೋಡ್ರಿ

ಅಣ್ಣಾರ, ನಿಮ್ಮ ಪ್ರಶ್ನೆ ಇಷ್ಟು: ಬ್ಯಾಡಗಿ ಹತ್ತಿರದ ಹೊಲದಲ್ಲಿ 30 ಫೂಟ್ ಅಗಲ, 40 ಫೂಟ್ ಉದ್ದದ ಶೆಡ್ಡು. ಅರ್ಧಕ್ಕೆ ಹಳೇ ಸಿಮೆಂಟ್ ಶೀಟ್, ಅರ್ಧಕ್ಕೆ ಬಣ್ಣದ ಪತ್ರಾಸ್ (ತಗಡಿನ ಶೀಟ್), ನಡುನಡುವೆ ಬೆಳಕಿಗೆಂದು ಎರಡು ಪ್ಲಾಸ್ಟಿಕ್ ಶೀಟ್. ಗೋವಿನಜೋಳದ ಚೀಲದ ಮೇಲೆ ನೀರು ಬೀಳುತ್ತಿದೆ, ರೋಹಿಣಿ ಮಳೆ ಹಿಡಿಯುವ ಮುಂಚೆ ಹತ್ತಿ ಎಂ-ಸೀಲ್ ಹಚ್ಚಿ ಬಿಡಲೇನು ಅಂತ. ಎಂ-ಸೀಲ್ ವಿಚಾರ ಆಮೇಲೆ. ಮೊದಲು ಹತ್ತುವ ವಿಚಾರ.

ಸಿಮೆಂಟ್ ಶೀಟಿನ ಮೇಲೆ ಕಾಲಿಡಬ್ಯಾಡ್ರಿ. ಅದರ ದಪ್ಪ ಬರೀ 6 ಮಿಲಿಮೀಟರ್. ಪತ್ರಾಸ್ ಆದರೆ ಭಾರ ಬಿದ್ದಾಗ ಮೊದಲು ಬಗ್ಗುತ್ತದೆ, ಕಾಲಿಗೆ ಗೊತ್ತಾಗುತ್ತದೆ. ಸಿಮೆಂಟ್ ಶೀಟ್ ಬಗ್ಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಹಳೆಯದಾದಷ್ಟೂ ಮುರಿಯುವುದು ಸಲೀಸು. "ಬೋಲ್ಟಿನ ಸಾಲು ಹಿಡಿದು ನಡೆದರೆ ಏನೂ ಆಗೋದಿಲ್ಲ, ಕೆಳಗೆ ಪೈಪ್ ಐತಿ" ಅನ್ನುವ ಮಾತು ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಶೀಟ್ ಹೊತ್ತ ಆ ಅಡ್ಡ ಪೈಪ್ ಎರಡು ಇಂಚು, ನಿಮ್ಮ ಪಾದ ನಾಲ್ಕು ಇಂಚು. ಒಂದು ಸಲ ತೂಕ ತಪ್ಪಿದರೆ ಆ ಲೆಕ್ಕ ಮುಗಿಯಿತು. ಅದಕ್ಕಿಂತ ಮೋಸದ್ದು ಪ್ಲಾಸ್ಟಿಕ್ ಶೀಟ್. ನಾಲ್ಕು ವರ್ಷದ ಧೂಳು, ಪಾಚಿ ಕೂತ ಮೇಲೆ ಮೇಲಿನಿಂದ ನೋಡಿದರೆ ಅದು ಪಕ್ಕದ ಶೀಟಿನ ಹಾಗೇ ಕಾಣುತ್ತದೆ. ಆದ್ದರಿಂದ ಹತ್ತುವ ಮೊದಲು ಒಳಗಿನಿಂದ ಆ ಎರಡು ಶೀಟ್ ಯಾವ ಸಾಲಿನಲ್ಲಿವೆ ಅಂತ ಎಣಿಸಿ, ಹೊರಗೆ ಅದೇ ಸಾಲಿನ ಸೂರಿನ ತುದಿಗೆ ಕೆಂಪು ಬಟ್ಟೆ ಕಟ್ಟ್ರಿ.

ಮುಕ್ಕಾಲು ಕೆಲಸ ನೆಲದ ಮೇಲೆ ನಿಂತೇ ಮುಗಿಯುತ್ತದೆ. ಮಧ್ಯಾಹ್ನ ಬಾಗಿಲು ಹಾಕಿ ಒಳಗೆ ಕತ್ತಲು ಮಾಡ್ರಿ. ತೂತು ಇರುವಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ. ಪ್ರತಿ ಚುಕ್ಕೆಗೂ ಎರಡು ಅಳತೆ ತಗೊಳ್ರಿ, ಪಕ್ಕದ ಗೋಡೆಯಿಂದ ಎಷ್ಟು, ಸೂರಿನಿಂದ ಎಷ್ಟು. ನೀರು ಹನಿಯುವ ಜಾಗವೇ ತೂತಿನ ಜಾಗ ಅಂದುಕೊಳ್ಳಬ್ಯಾಡ್ರಿ. ಮೇಲೆಲ್ಲೋ ಒಳಬಂದ ನೀರು ಶೀಟಿನ ಕೆಳಮೈ ಹಿಡಿದು ಇಳಿದು, ಅಡ್ಡ ಪೈಪ್ ಸಿಕ್ಕಲ್ಲಿ ಅದರ ಗುಂಟ ಓಡಿ, ಪೈಪಿನ ವೆಲ್ಡಿಂಗ್ ಗಂಟಿನಲ್ಲಿ ಹನಿಯುತ್ತದೆ. ಹನಿ ಬಿದ್ದಲ್ಲಿಂದ ಯಾವಾಗಲೂ ಏರಿನ ಕಡೆಗೆ ಹುಡುಕಬೇಕು. ಬೆಳಕು ಕಾಣದಿದ್ದರೆ ರಬ್ಬರ್ ಪೈಪಿನಿಂದ ಶೀಟಿನ ಮೇಲೆ ನೀರು ಬಿಟ್ಟು ನೋಡ್ರಿ: ಸೂರಿನ ಕಡೆಯಿಂದ ಶುರು ಮಾಡಿ ಒಂದೊಂದು ಪಟ್ಟಿಗೆ ಐದು ನಿಮಿಷ, ಒಳಗೊಬ್ಬರು ಕಾಯಬೇಕು. ಮೇಲಿನಿಂದ ಶುರು ಮಾಡಿದರೆ ಇಡೀ ಇಳಿಜಾರು ಒದ್ದೆಯಾಗಿ ಯಾವ ತೂತು ಅಂತ ತಿಳಿಯುವುದಿಲ್ಲ.

ನಿಮ್ಮ ಶೆಡ್ಡಿನಲ್ಲಿ ನನ್ನ ಮೊದಲ ಅನುಮಾನ ಸಿಮೆಂಟ್ ಶೀಟೂ ಪತ್ರಾಸೂ ಕೂಡುವ ಸಾಲಿನ ಮೇಲೆ. ಸಿಮೆಂಟ್ ಶೀಟಿನ ಉಬ್ಬಿನಿಂದ ಉಬ್ಬಿಗೆ 146 ಮಿಲಿಮೀಟರ್, ತಗ್ಗು ಆಳ. ಪತ್ರಾಸಿನ ಅಳತೆ ಬೇರೆ. ಒಂದರ ಮೇಲೊಂದು ಕೂಡುವುದೇ ಇಲ್ಲ, ನಡುವೆ ಸಂದು ಉಳಿಯುತ್ತದೆ. ಅಲ್ಲಿ ಎಷ್ಟು ಸೀಲಂಟ್ ಸುರಿದರೂ ಒಂದು ಮಳೆಗಾಲ ಬಾಳಿದರೆ ಹೆಚ್ಚು. ಬೇಕಾದದ್ದು ಬಗ್ಗಿಸಿದ ತಗಡಿನ ಪಟ್ಟಿ: ಒಂದು ಅಂಚು ಸಿಮೆಂಟ್ ಶೀಟಿನ ಒಂದು ಪೂರ್ತಿ ಉಬ್ಬು ದಾಟಿ ಇಳಿಯಬೇಕು, ಇನ್ನೊಂದು ಅಂಚು ಪತ್ರಾಸಿನ ಒಂದು ಪೂರ್ತಿ ಉಬ್ಬು ಮುಚ್ಚಬೇಕು. ಶೀಟ್ ಬೆಂಡಿಂಗ್ ಮಶೀನ್ ಇರುವ ವರ್ಕ್‌ಶಾಪ್ ಹಾವೇರಿ, ಹುಬ್ಬಳ್ಳಿಯಲ್ಲಿ ಸಿಗುತ್ತವೆ. ರಟ್ಟಿನ ಮೇಲೆ ಆಕಾರ ಕತ್ತರಿಸಿಕೊಂಡು ಹೋಗ್ರಿ, ಬಾಯಿಮಾತಿನ ಅಳತೆ ಬ್ಯಾಡ.

ಎರಡನೇ ಅನುಮಾನ ಶೀಟಿನ ಪಕ್ಕದ ಜೋಡಣೆ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಹೊಡೆಯುತ್ತದೆ. ಶೀಟ್ ಹೊದಿಸುವಾಗ ಮೂಡಲ ತುದಿಯಿಂದ ಶುರು ಮಾಡಿದ್ದರೆ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ. ಉಲ್ಟಾ ಮಾಡಿದ್ದರೆ ಇರಸಲು ನೇರ ಒಳಗೆ. ಈಗ ಶೀಟ್ ಬಿಚ್ಚಿ ತಿರುಗಿಸುವ ಅಗತ್ಯವಿಲ್ಲ; ಜೋಡಣೆಯ ಉಬ್ಬಿನ ಗುಂಟ ಒಂದೂವರೆ ಫೂಟಿಗೊಂದು ಸಣ್ಣ ಸ್ಟಿಚಿಂಗ್ ಸ್ಕ್ರೂ (ಶೀಟಿಗೆ ಶೀಟ್ ಹಿಡಿಸುವಂಥದ್ದು), ಎರಡು ಶೀಟಿನ ನಡುವೆ ಬ್ಯೂಟೈಲ್ ಟೇಪ್ (ಮೆತ್ತನೆ ರಬ್ಬರಿನ ಅಂಟುಪಟ್ಟಿ). ಇಳಿಜಾರಿನ ಉದ್ದಕ್ಕೆ ಎರಡು ತುಂಡು ಜೋಡಿಸಿದ್ದರೆ ಅಲ್ಲಿಯೂ ಅಷ್ಟೇ: ಸ್ಕ್ರೂ ಸಡಿಲಿಸಿ ಮೇಲಿನ ಶೀಟ್ ಸ್ವಲ್ಪ ಎತ್ತಿ, ಒರೆಸಿ ಒಣಗಿಸಿ, ಸ್ಕ್ರೂ ಟೇಪನ್ನೇ ಚುಚ್ಚಿಕೊಂಡು ಹೋಗುವಂತೆ ಅಂಟಿಸ್ರಿ.

ಇನ್ನು ಸ್ಕ್ರೂ. ಪತ್ರಾಸಿನ ಸೋರಿಕೆಯಲ್ಲಿ ಬಹಳಷ್ಟು ಇಲ್ಲೇ. ಬಿಸಿಲಿಗೆ ರಬ್ಬರ್ ವಾಷರ್ ಬಿರಿಯುತ್ತದೆ, ಸ್ಕ್ರೂ ಗಟ್ಟಿ ಕೂತಿದ್ದರೂ ನೀರು ಇಳಿಯುತ್ತದೆ. ವಾಷರ್ ಸತ್ತ ಸ್ಕ್ರೂ ತೆಗೆದು ಇಪಿಡಿಎಂ (ಬಿಸಿಲು ತಡೆಯುವ ರಬ್ಬರ್) ವಾಷರಿನ ಹೊಸದು ಹಾಕ್ರಿ. ಹಳೇದು 12 ನಂಬರ್ ಇದ್ದು ತೂತು ಸಡಿಲಾಗಿದ್ದರೆ 14 ನಂಬರ್ ತಗೊಳ್ರಿ: 5.5 ಮಿಲಿಮೀಟರ್ ತೂತಿಗೆ 6.3 ಮಿಲಿಮೀಟರ್ ಸ್ಕ್ರೂ ಬಿಗಿ ಹಿಡಿಯುತ್ತದೆ. ಡ್ರಿಲ್ ಮಶೀನಿನ ಕ್ಲಚ್ ಕಡಿಮೆ ಇಟ್ಟುಕೊಳ್ರಿ. ವಾಷರಿನ ರಬ್ಬರ್ ಲೋಹದ ಬಿಲ್ಲೆಯ ಅಂಚಿಗೆ ಬಂದಾಗ ನಿಲ್ಲಿಸಬೇಕು. ಹೊರಗೆ ಹಿಸುಕಿ ಬಂದರೆ ಆ ವಾಷರ್ ಬೇಗ ಹರಿಯುತ್ತದೆ, ಶೀಟ್ ಕುಸಿದು ನೀರು ನಿಲ್ಲುವ ಬಟ್ಟಲೂ ಆಗುತ್ತದೆ. ಕೊರೆದ ತಗಡಿನ ಚೂರು ಅದೇ ದಿನ ಗುಡಿಸ್ರಿ, ಇಲ್ಲದಿದ್ದರೆ ತುಕ್ಕಿನ ಚುಕ್ಕೆ ಬೀಳುತ್ತವೆ.

ಈಗ ಎಂ-ಸೀಲ್. ನೀರಿನ ಪೈಪಿಗೆ ಚಲೋ, ಪತ್ರಾಸಿಗೆ ಅಲ್ಲ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಪತ್ರಾಸ್ ಮಾತ್ರ ದಿನವೂ ಹಿಗ್ಗಿ ಕುಗ್ಗುತ್ತದೆ. ನಿಮ್ಮ 16 ಫೂಟ್ ಶೀಟ್ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಗೂ 40 ಡಿಗ್ರಿ ವ್ಯತ್ಯಾಸ ಕಂಡರೆ ಎರಡು ಮಿಲಿಮೀಟರಿಗಿಂತ ಹೆಚ್ಚು ಜರುಗುತ್ತದೆ. ಅದರ ಬದಲು ರಬ್ಬರಿನಂತೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್, ಇಲ್ಲವೇ ನ್ಯೂಟ್ರಲ್ ಸಿಲಿಕೋನ್. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಸಿಲಿಕೋನ್ ಬ್ಯಾಡ. ಅದರಿಂದ ಹೊರಡುವ ಆಮ್ಲ ಸತುವಿನ ಲೇಪನವನ್ನೇ ತಿನ್ನುತ್ತದೆ. 6 ಮಿಲಿಮೀಟರ್ ಅಗಲ, ಅಷ್ಟೇ ದಪ್ಪದ ಗೆರೆ ಎಳೆದರೆ 600 ಮಿಲಿಲೀಟರಿನ ಒಂದು ಪ್ಯಾಕಿಗೆ ಸುಮಾರು 16 ಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ ತಗೊಳ್ರಿ, ಒಡೆದ ಪ್ಯಾಕ್ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ.

ಪತ್ರಾಸಿನ ಮೇಲೆ ಹತ್ತುವ ದಿನ ಹೀಗಿರಲಿ. ಚೈತ್ರ ವೈಶಾಖದ ಅಡ್ಡಮಳೆ ಮಧ್ಯಾಹ್ನದ ಮೇಲೆ ಗುಡುಗು, ಗಾಳಿ ಸಮೇತ ಬರುತ್ತದೆ, ಹಾಗಾಗಿ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಹತ್ತೂವರೆ ಹೊತ್ತಿಗೆ ಇಳಿಯಬೇಕು. ಆಮೇಲೆ ಶೀಟ್ ಅಂಗೈ ಊರಲಾಗದಷ್ಟು ಕಾಯುತ್ತದೆ. ಸರ್ವಿಸ್ ವೈರ್ ಶೆಡ್ಡಿನ ಮೇಲಿಂದಲೋ ಮಗ್ಗುಲಿಂದಲೋ ಬಂದಿದ್ದರೆ ಒಳಗಿನ ಮೇನ್ ಆಫ್ ಮಾಡಿದರೆ ಸಾಲದು, ಕಂಬದಿಂದ ಮೀಟರ್‌ವರೆಗೆ ಕರೆಂಟ್ ಇದ್ದೇ ಇರುತ್ತದೆ. ಹೆಸ್ಕಾಂ (ಕರೆಂಟ್ ಕಂಪನಿ) ಲೈನ್‌ಮನ್‌ಗೆ ಹೇಳಿ ಕಂಬದಲ್ಲಿ ಬಿಡಿಸಿಕೊಳ್ರಿ. ಅಲ್ಯುಮಿನಿಯಂ ನಿಚ್ಚಣಿಕೆಯಂತೂ ಆ ಕಡೆ ಒಯ್ಯಲೇಬ್ಯಾಡ್ರಿ.

ನಿಚ್ಚಣಿಕೆ ನಾಲ್ಕು ಫೂಟ್ ಎತ್ತರಕ್ಕೆ ಬುಡ ಒಂದು ಫೂಟ್ ಹೊರಗೆ. 12 ಫೂಟ್ ಸೂರಿಗೆ ಮೂರು ಫೂಟ್. ಸೂರಿನ ಮೇಲೆ ಇನ್ನೂ ಮೂರು ಫೂಟ್ ಚಾಚಿರಬೇಕು, ತುದಿ ಕಟ್ಟಿರಬೇಕು. ಎರಿ (ಕಪ್ಪು) ಮಣ್ಣಿನಲ್ಲಿ ಒಂದು ಕಾಲು ಹೂತು ನಿಚ್ಚಣಿಕೆ ಓರೆಯಾಗುವುದೇ ಹೆಚ್ಚು, ಬುಡಕ್ಕೆ ಅಗಲವಾದ ಹಲಗೆ ಹಾಕ್ರಿ.

ಹಾರ್ನೆಸ್ (ಬಿದ್ದರೆ ಹಿಡಿಯುವ ಸುರಕ್ಷಾ ಪಟ್ಟಿ) ಮೈಪೂರ್ತಿ ಹಿಡಿಯುವಂಥದ್ದು, ಭಾರತೀಯ ಮಾನಕ ಐಎಸ್ 3521 ಗುರುತಿನದು. ಬರೀ ಸೊಂಟದ ಬೆಲ್ಟ್ ಬಿದ್ದವನ ಬೆನ್ನು ಮುರಿಯುತ್ತದೆ. ಅದರ ಹಗ್ಗವನ್ನು ರಿಡ್ಜ್ (ಮಾಡಿನ ನೆತ್ತಿ) ದಾಟಿಸಿ ಆ ಮಗ್ಗುಲಿನ ಕಬ್ಬಿಣದ ಕಂಬದ ಬುಡಕ್ಕೋ ಗಟ್ಟಿ ಬೇವಿನ ಮರಕ್ಕೋ ಕಟ್ಟ್ರಿ. ಆ ಹಗ್ಗ ಸಿಮೆಂಟ್ ಶೀಟಿನ ಮೇಲೆ ಹಾಯಬಾರದು. ಟ್ರ್ಯಾಕ್ಟರಿಗೆ ಕಟ್ಟುವುದಾದರೆ ಗೇರಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಚಾವಿ ಹತ್ತಿದವನ ಕಿಸೆಯಲ್ಲಿ. ಜೆ-ಬೋಲ್ಟಿಗೆ (ಶೀಟನ್ನು ಪೈಪಿಗೆ ಹಿಡಿದ ಕೊಕ್ಕೆ ಬೋಲ್ಟ್) ಕಟ್ಟಿದ ಹಗ್ಗ ಇದ್ದೂ ಇಲ್ಲದಂತೆ. ತಗಡಿನ ಅಂಚಿಗೆ ಹಗ್ಗ ಉಜ್ಜುವಲ್ಲಿ ಗೋಣಿಚೀಲ ನಾಲ್ಕು ಮಡಿಕೆ. ಉದ್ದ ಎಷ್ಟಿರಬೇಕೆಂದರೆ, ನೀವು ಸೂರಿನ ಅಂಚಿಗೆ ಎರಡು ಫೂಟ್ ದೂರದಲ್ಲೇ ನಿಲ್ಲುವಷ್ಟು. ಕೆಳಗೊಬ್ಬರು ಇರಲೇಬೇಕು, ಇನ್ನೊಂದು ನಿಚ್ಚಣಿಕೆ ತಯಾರಿರಬೇಕು: ಹಾರ್ನೆಸ್ಸಿನಲ್ಲಿ ಜೋತುಬಿದ್ದವನನ್ನು ಕೆಲವೇ ನಿಮಿಷದಲ್ಲಿ ಇಳಿಸಬೇಕು, ಇಲ್ಲವಾದರೆ ಕಾಲಿನಲ್ಲಿ ರಕ್ತ ನಿಂತು ಜೀವಕ್ಕೆ ಕುತ್ತು. ಪತ್ರಾಸಿನ ಮೇಲೆ ನಡೆಯುವಾಗ ಸ್ಕ್ರೂ ಸಾಲಿನ ಮೇಲೆ, ತಗ್ಗಿನಲ್ಲಿ ಕಾಲಿಡ್ರಿ. ಉಬ್ಬು ತುಳಿದರೆ ಜೋಡಣೆ ಬಾಯಿಬಿಟ್ಟು ಹೊಸ ಸೋರಿಕೆ ಶುರು.

ಸಿಮೆಂಟ್ ಭಾಗಕ್ಕೆ ನನ್ನ ಸಲಹೆ ಕೆಳಗಿನಿಂದಲೇ ಕೆಲಸ. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವವರಲ್ಲಿ ಕಬ್ಬಿಣದ ಸ್ಕ್ಯಾಫೋಲ್ಡಿಂಗ್ ಸಿಗುತ್ತದೆ. ಅದರ ಮೇಲೆ ನಿಂತು, ಒಡೆದ ಶೀಟಿನ ಜೆ-ಬೋಲ್ಟಿನ ಕೊಕ್ಕೆಯನ್ನು ಪೈಪಿನ ಕೆಳಗೆ ಗ್ರೈಂಡರಿನಿಂದ ಕತ್ತರಿಸಿ, ಶೀಟ್ ಇಳಿಸಿ, ಆ ಸಂದಿಯಿಂದಲೇ ಹೊಸದು ಏರಿಸಬಹುದು. ಗ್ರೈಂಡರ್ ಕಬ್ಬಿಣಕ್ಕೆ ಮಾತ್ರ, ಶೀಟಿಗೆ ತಾಗಬಾರದು. ಕಿಡಿ ಹಾರುತ್ತದೆ, ಕಣಕಿ, ಹೊಟ್ಟು, ಚೀಲ ಮೊದಲೇ ಹೊರಗೆ ಹಾಕಿರ್ರಿ. ಹೊಸ ಶೀಟಿಗೆ ತೂತು ಉಬ್ಬಿನ ಮೇಲೆ, 8 ಮಿಲಿಮೀಟರ್ ಬೋಲ್ಟಿಗೆ 10 ಮಿಲಿಮೀಟರ್. ಡಾಂಬರ್ ವಾಷರ್, ಅದರ ಮೇಲೆ ಜಿಐ ವಾಷರ್. ನಟ್ಟನ್ನು ಜೋರಾಗಿ ಬಿಗಿದರೆ ಅಲ್ಲಿಂದಲೇ ಬಿರುಕು. ಮೇಲಿನ ಶೀಟ್ ಕೆಳಗಿನದರ ಮೇಲೆ 150 ಮಿಲಿಮೀಟರ್ ಕೂಡಬೇಕು.

ಮೇಲೆ ಹೋಗಲೇಬೇಕಾದರೆ ಒಂದೂವರೆ ಫೂಟ್ ಅಗಲದ, 10 ಫೂಟ್ ಉದ್ದದ, 2 ಇಂಚು ದಪ್ಪದ ಹಲಗೆ ಎರಡು. ಪೈಪುಗಳ ಅಂತರ 1.4 ಮೀಟರ್ ಮೀರಿರದಿದ್ದರೆ ಒಂದೊಂದು ಹಲಗೆ ಮೂರು ಪೈಪಿನ ಮೇಲೆ ಕೂರುತ್ತದೆ. ಜಾರದಂತೆ ಮೇಲ್ತುದಿಯನ್ನು ರಿಡ್ಜಿಗೆ ಕೊಕ್ಕೆ ಹಾಕಿ, ಕಾಲಿಗೆ ಅಡ್ಡಪಟ್ಟಿ ಹೊಡೀರಿ. ಒಂದರ ಮೇಲೆ ನಿಂತೇ ಇನ್ನೊಂದನ್ನು ಸರಿಸಬೇಕು.

ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ, ಅದರ ಧೂಳು ಪುಪ್ಪುಸದ ಕ್ಯಾನ್ಸರಿಗೆ ಕಾರಣ. ವೈರ್ ಬ್ರಷ್, ಒಣ ಉಜ್ಜುವಿಕೆ, ಪ್ರೆಷರ್ ವಾಶ್ ಮೂರೂ ಬ್ಯಾಡ. ನೀರು ಚಿಮುಕಿಸಿ ಒದ್ದೆ ಇಟ್ಟುಕೊಂಡೇ ಕೆಲಸ, ಮುಖಕ್ಕೆ ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್. ಟವೆಲ್ ಕಟ್ಟಿಕೊಂಡರೆ ಉಪಯೋಗವಿಲ್ಲ. ಒಡೆದ ಚೂರನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡ್ರಿ, ಹೊಲದ ದಾರಿಗೆ ಹಾಕಿ ಟ್ರ್ಯಾಕ್ಟರ್ ಹಾಯಿಸಬ್ಯಾಡ್ರಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಲಿಲ್ಲ. ಮಳೆಯೇ ಇಲ್ಲದ ಚಳಿಗಾಲದ ಬೆಳಿಗ್ಗೆಯೂ ಚೀಲದ ಮೇಲೆ ಹನಿ ಕಂಡಿದ್ದರೆ ಅದು ಸೋರಿಕೆಯಲ್ಲ, ಶೀಟಿನ ಬೆವರು. ಹಸಿ ಗೋವಿನಜೋಳದಿಂದ ಏಳುವ ಆವಿ ತಣ್ಣನೆ ಪತ್ರಾಸಿಗೆ ತಾಗಿ ನೀರಾಗುತ್ತದೆ. ಅದಕ್ಕೆ ಮೇಲೆ ಹತ್ತುವ ಕೆಲಸವೇ ಇಲ್ಲ: ತೇವ 12–13 ಶೇಕಡಾಕ್ಕೆ ಇಳಿಯುವವರೆಗೆ ಕಣದಲ್ಲೇ ಒಣಗಿಸಿ, ಚೀಲದ ಕೆಳಗೆ ಹಲಗೆ ಹಾಕಿ, ಎರಡೂ ಕೊನೆಗೋಡೆಯಲ್ಲಿ ರಿಡ್ಜಿನ ಹತ್ತಿರ ಜಾಳಿಗೆಯ ಕಿಂಡಿ ಬಿಟ್ಟರೆ ನಿಲ್ಲುತ್ತದೆ.