ಬರಹಗಾರರಿಗೆ ಸಲಹೆ: ‘ಬೆಂಕಿ ಪುಡಿಗಳು’ ಯಾಕೆ ವಾಪಸ್ ಬಂತು

ನಮಸ್ಕಾರ.

ತಿಕೋಟಾದಿಂದ ನೀವು ಕಳಿಸಿದ ‘ಬೆಂಕಿ ಪುಡಿಗಳು’ ಲೇಖನ ಓದಿದೆ. ಘನರೂಪದ ಆಕ್ಸಿಡೈಸರ್‌ಗಳನ್ನು (ಆಮ್ಲಜನಕ ಕೊಟ್ಟು ಬೇರೆ ವಸ್ತುವನ್ನು ಜೋರಾಗಿ ಉರಿಸುವ ರಾಸಾಯನಿಕಗಳನ್ನು) ಲ್ಯಾಬಿನಲ್ಲಿ ಹೇಗೆ ಪರೀಕ್ಷಿಸುತ್ತಾರೆ, ಯಾವ ಆಧಾರದ ಮೇಲೆ ದರ್ಜೆ ಕೊಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆಯಲು ಕೈಹಾಕಿದವರು ಕಡಿಮೆ. ಅದಕ್ಕೇ ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಎಂಬ ಒಂದು ಸಾಲು ಕಳಿಸಿ ಸುಮ್ಮನಾಗದೆ ಉದ್ದಕ್ಕೆ ಬರೆಯುತ್ತಿದ್ದೇನೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಭಾಷೆಯಲ್ಲಿ ದೋಷವಿಲ್ಲ, ವಿಷಯ ಸಡಿಲವಾಗಿದೆ. ಒಂದು ಕಡೆಯಂತೂ ಅಪಾಯಕಾರಿಯಾಗಿದೆ.

ಆ ಅಪಾಯದ ಸಾಲಿನಿಂದಲೇ ಶುರು ಮಾಡುತ್ತೇನೆ. ಪರೀಕ್ಷೆ ಎಂದರೆ ರಾಸಾಯನಿಕವನ್ನು ಸೆಲ್ಯುಲೋಸ್ (ಕಾಗದ, ಹತ್ತಿಯಲ್ಲಿರುವ ನಾರಿನ ವಸ್ತು) ಜೊತೆ ಬೆರೆಸಿ, ಗುಡ್ಡೆ ಮಾಡಿ, ಐದು ಸಲ ಉರಿಸಿ ನೋಡುವುದು. ಮೂರನೇ ಪುಟದಲ್ಲಿ ‘ರಾಸಾಯನಿಕವನ್ನೂ ಸೆಲ್ಯುಲೋಸನ್ನೂ ಒರಳಿಗೆ ಹಾಕಿ ಚೆನ್ನಾಗಿ ಅರೆದು ಬೆರೆಸಬೇಕು’ ಎಂದಿದ್ದೀರಿ. ಇದನ್ನು ಇಂದೇ ಹೊಡೆದುಹಾಕಿ. ಕ್ಲೋರೇಟ್‌ನಂಥ ಪುಡಿಯನ್ನು ಉರಿಯುವ ವಸ್ತುವಿನ ಜೊತೆ ಒರಳಲ್ಲಿ ಅರೆದರೆ ತಿಕ್ಕಾಟಕ್ಕೇ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಅರೆಯುವುದಿದ್ದರೆ ರಾಸಾಯನಿಕವನ್ನು ಒಂದನ್ನೇ, ಶುಚಿಯಾದ ಒರಳಿನಲ್ಲಿ, ಮೊದಲೇ ಅರೆದು ಜರಡಿ ಹಿಡಿದಿರಬೇಕು. ಸೆಲ್ಯುಲೋಸ್ ಕೂಡಿದ ಮೇಲೆ ಒತ್ತಡ ಬೀಳದಂತೆ ಮಗುಚಿ ಬೆರೆಸುವುದಷ್ಟೇ. ಒಂದೊಂದು ಗುಡ್ಡೆಗೂ ಬೇರೆ ಬೇರೆಯಾಗಿ ಬೆರೆಸಿ ಕೂಡಲೇ ಬಳಸಬೇಕು. ಐದು ಸಲಕ್ಕೂ ಸಾಲುವಷ್ಟು ಒಮ್ಮೆಲೇ ಬೆರೆಸಿಟ್ಟು ಅದರಿಂದ ತೆಗೆದುಕೊಳ್ಳುವಂತಿಲ್ಲ.

ಎರಡನೆಯದು ಇಡೀ ಲೇಖನದ ಬುಡಕ್ಕೆ ಸಂಬಂಧಿಸಿದ್ದು. ‘ಆಕ್ಸಿಡೈಸರ್ ಎಂದರೆ ಬೇಗ ಹೊತ್ತಿಕೊಳ್ಳುವ ರಾಸಾಯನಿಕ’ ಎಂಬ ನಿಮ್ಮ ವ್ಯಾಖ್ಯೆ ತಪ್ಪು. ಪೊಟ್ಯಾಸಿಯಂ ನೈಟ್ರೇಟ್ ಒಂದನ್ನೇ ಕಾಯಿಸಿದರೆ ಸುಮಾರು 334 ಡಿಗ್ರಿಗೆ ಕರಗುತ್ತದೆ, ಇನ್ನೂ ಕಾಯಿಸಿದರೆ ಆಮ್ಲಜನಕ ಬಿಟ್ಟು ನೈಟ್ರೈಟ್ ಆಗುತ್ತದೆ. ಅದಕ್ಕೆ ಜ್ವಾಲೆ ಬರುವುದಿಲ್ಲ. ಉರಿಯುವುದು ಪಕ್ಕದಲ್ಲಿರುವ ಗೋಣಿ, ಕಾಗದ, ಗಂಧಕ. ಹಾಗಾಗಿ ಪರೀಕ್ಷೆಯಲ್ಲೂ ಪುಡಿ ಎಷ್ಟು ಉರಿಯುತ್ತದೆ ಎಂದು ಯಾರೂ ನೋಡುವುದಿಲ್ಲ. ಅದು ಜೊತೆಗಿದ್ದರೆ ಸೆಲ್ಯುಲೋಸ್ ಎಷ್ಟು ಬೇಗ ಉರಿದು ಮುಗಿಯುತ್ತದೆ, ಗೊತ್ತಿರುವ ಇನ್ನೊಂದು ಆಕ್ಸಿಡೈಸರ್ ಜೊತೆಗಿದ್ದಾಗ ಎಷ್ಟು ಬೇಗ ಮುಗಿಯುತ್ತದೆ, ಈ ಎರಡನ್ನು ಹೋಲಿಸುತ್ತಾರೆ. ನೀವು ಬರೆದ ‘30 ಸೆಕೆಂಡಿಗಿಂತ ಬೇಗ ಉರಿದರೆ ಅಪಾಯಕಾರಿ’ ಎಂಬ ಗಡಿ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ವಿಶ್ವಸಂಸ್ಥೆಯ ಪರೀಕ್ಷೆ ಮತ್ತು ಮಾನದಂಡಗಳ ಕೈಪಿಡಿ, 34ನೇ ವಿಭಾಗ, ಓ.1 ಪರೀಕ್ಷೆ: ಅಲ್ಲಿ ಸೆಕೆಂಡಿನ ಗಡಿ ಇಟ್ಟಿಲ್ಲ, ಹೋಲಿಕೆಯ ಗಡಿ ಇಟ್ಟಿದ್ದಾರೆ. ಲೇಖನವನ್ನು ಈ ಒಂದು ಮಾತಿನ ಸುತ್ತ ಮತ್ತೆ ಕಟ್ಟಿ.

ಕಟ್ಟುವಾಗ ಓದುಗರಿಗೆ ಆ ಗುಡ್ಡೆಯನ್ನು ಕಣ್ಣೆದುರು ಇಡಿ. ನಿಮ್ಮಲ್ಲಿ ‘30 ಗ್ರಾಂ ರಾಸಾಯನಿಕ ತೆಗೆದುಕೊಂಡು’ ಎಂದಿದೆ. 30 ಗ್ರಾಂ ಎಂಬುದು ಒಟ್ಟು ಮಿಶ್ರಣದ ತೂಕ. 4:1ರಲ್ಲಿ 24 ಗ್ರಾಂ ರಾಸಾಯನಿಕ, 6 ಗ್ರಾಂ ಸೆಲ್ಯುಲೋಸ್; 1:1ರಲ್ಲಿ 15, 15. ಎರಡು ಪ್ರಮಾಣ ಯಾಕೆ ಎಂದು ಓದುಗ ಕೇಳಿಯೇ ಕೇಳುತ್ತಾನೆ. ಒಂದೊಂದು ವಸ್ತು ಕೊಡುವ ಆಮ್ಲಜನಕ ಒಂದೊಂದಷ್ಟು. ಪೊಟ್ಯಾಸಿಯಂ ನೈಟ್ರೇಟ್‌ಗೆ ಸಮೀಕರಣ ಬರೆದು ಲೆಕ್ಕ ಹಾಕಿದರೆ ಸೆಲ್ಯುಲೋಸ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 3:1 ಬೇಕು. ಬೇರೆ ಪುಡಿಗೆ ಬೇರೆ ಲೆಕ್ಕ. ಒಂದೇ ಪ್ರಮಾಣದಲ್ಲಿ ನೋಡಿದರೆ ಬಲವಾದದ್ದೂ ಸಪ್ಪೆಯಾಗಿ ಕಾಣಬಹುದು.

ಗುಡ್ಡೆಯ ಆಕಾರಕ್ಕೂ ಕಾರಣವಿದೆ. 60 ಡಿಗ್ರಿಯ ಗಾಜಿನ ಆಲಿಕೆ, ಒಳ ವ್ಯಾಸ 70 ಮಿ.ಮೀ., ಕಿರಿದಾದ ತುದಿ ಮುಚ್ಚಿದ್ದು. ಅದರಲ್ಲಿ ತುಂಬಿ, ಶಾಖ ಎಳೆದುಕೊಳ್ಳದ ತಟ್ಟೆಯ ಮೇಲೆ ಸುರುಳಿ ಸುತ್ತಿಟ್ಟ ತಂತಿಯ ಮೇಲೆ ಬೋರಲು ಹಾಕಿದರೆ ತುದಿ ಮೊಂಡಾದ ಶಂಕು ನಿಲ್ಲುತ್ತದೆ. ತಂತಿ 30 ಸೆಂ.ಮೀ. ಉದ್ದ, 0.6 ಮಿ.ಮೀ. ದಪ್ಪ, ಮೀಟರಿಗೆ 6 ಓಮ್ ರೋಧ. ಅದಕ್ಕೆ 150 ವ್ಯಾಟ್ ಕೊಡಬೇಕು. ಲೆಕ್ಕ ನೀವೇ ಮಾಡಿ ತೋರಿಸಿ: ರೋಧ 1.8 ಓಮ್, ಆದ್ದರಿಂದ ಕರೆಂಟು ಸುಮಾರು 9 ಆಂಪಿಯರ್, ವೋಲ್ಟೇಜು ಸುಮಾರು 16. ಹೈಸ್ಕೂಲ್ ಓದಿದವರಿಗೆ ಸಾಕಾಗುವ ಗಣಿತ. ಇಂಥ ಒಂದು ಲೆಕ್ಕ ನಿಮ್ಮ ಮೂರು ವಿಶೇಷಣಗಳಿಗಿಂತ ಮೇಲು. ಪವರ್ ಹಾಕಿದ ಕ್ಷಣದಿಂದ ಮುಖ್ಯ ಉರಿ ನಿಲ್ಲುವ ತನಕದ್ದು ಉರಿಯುವ ಕಾಲ. ಆಮೇಲೆ ಅಲ್ಲಲ್ಲಿ ಸಿಡಿಯುವ ಕಿಡಿ ಲೆಕ್ಕಕ್ಕಿಲ್ಲ. ಹೊತ್ತಿಕೊಳ್ಳದಿದ್ದರೆ 3 ನಿಮಿಷ ಕಾದು ಪವರ್ ತೆಗೆಯುತ್ತಾರೆ. ಹೊಗೆಗೂಡಿನ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ಮೀರಬಾರದು, ಮೀರಿದರೆ ಗಾಳಿಯೇ ಉರಿಯನ್ನು ಊದುತ್ತದೆ. ನಡುವೆ ತಂತಿ ಕಡಿದರೆ, ಅದು ಫಲಿತಾಂಶಕ್ಕೆ ತಾಗಿಲ್ಲ ಎಂಬುದು ಸ್ಪಷ್ಟವಿದ್ದ ಹೊರತು, ಆ ಸಲದ್ದನ್ನು ಬಿಟ್ಟು ಮತ್ತೆ ಮಾಡಬೇಕು.

ನಿಮ್ಮ ಲೇಖನದಲ್ಲಿ ಒಣಗಿಸುವ ಮಾತೇ ಇಲ್ಲ, ಕೆಡುವುದೇ ಅಲ್ಲಿ. ಸೆಲ್ಯುಲೋಸ್ ನಾರು 25 ಮಿ.ಮೀ. ಮೀರದ ಪದರದಲ್ಲಿ 105 ಡಿಗ್ರಿಯಲ್ಲಿ 4 ಗಂಟೆ ಒಣಗಿ, ಡೆಸಿಕೇಟರ್‌ನಲ್ಲಿ (ತೇವ ಸೇರದಂತೆ ಮುಚ್ಚಿಡುವ ಪಾತ್ರೆಯಲ್ಲಿ) ಆರಬೇಕು, ತೇವ 0.5 ಶೇಕಡಾಕ್ಕಿಂತ ಕಡಿಮೆ ಇರಬೇಕು. ಬೆಳಗಾವಿಯ ಜುಲೈ ಗಾಳಿಗೆ ಮುಚ್ಚಳ ತೆಗೆದಿಟ್ಟರೆ ಒಣಗಿಸಿದ್ದೆಲ್ಲ ವ್ಯರ್ಥ. ತಪ್ಪು ಯಾವ ಕಡೆ ವಾಲುತ್ತದೆ ಎಂಬುದನ್ನೂ ಬರೆಯಿರಿ. ಬೆಳಿಗ್ಗೆ ಒಣ ನಾರಿನಲ್ಲಿ ಹೋಲಿಕೆಗೆ ಬಳಸುವ ಪೊಟ್ಯಾಸಿಯಂ ಬ್ರೋಮೇಟ್ ಓಡಿಸಿ, ಮಧ್ಯಾಹ್ನ ತೇವ ಹೀರಿದ ಅದೇ ನಾರಿನಲ್ಲಿ ಪರೀಕ್ಷೆಗೆ ಬಂದ ಮಾದರಿ ಓಡಿಸಿದರೆ ಮಾದರಿ ನಿಧಾನಕ್ಕೆ ಉರಿಯುತ್ತದೆ. ಅಪಾಯದ ಪುಡಿ ಸಾಧು ಎಂಬ ಸರ್ಟಿಫಿಕೇಟು ಪಡೆದು ಲಾರಿ ಹತ್ತುತ್ತದೆ. ಇದಕ್ಕೆ ತಿರುಗು ಮುರುಗಾದರೆ ಸಾಧು ಪುಡಿಗೆ ಸುಮ್ಮನೆ ಪಟ್ಟ, ಕಂಪನಿಗೆ ಖರ್ಚು. ಮೊದಲಿನದು ಪ್ರಾಣದ ಮಾತು. ಬ್ರೋಮೇಟನ್ನೂ 0.15ರಿಂದ 0.3 ಮಿ.ಮೀ. ಜರಡಿ ಹಿಡಿದು, 65 ಡಿಗ್ರಿಯಲ್ಲಿ 12 ಗಂಟೆ ಒಣಗಿಸಬೇಕು. ಮಾದರಿಯ ಕಾಳಿನ ಗಾತ್ರಕ್ಕೂ ನಿಯಮವಿದೆ: ಸಾಗಿಸುವ ರೂಪದಲ್ಲೇ ನೋಡಿ, ಅದರಲ್ಲಿ 500 ಮೈಕ್ರಾನ್‌ಗಿಂತ ಸಣ್ಣದು ತೂಕದಲ್ಲಿ 10 ಶೇಕಡಾ ಮೀರಿದ್ದರೆ, ಅಥವಾ ವಸ್ತು ಕೈಯಲ್ಲಿ ಪುಡಿಯಾಗುವಂಥದ್ದಾಗಿದ್ದರೆ, ಪೂರ್ತಿ ಮಾದರಿಯನ್ನು ಪುಡಿ ಮಾಡಿಯೇ ಪರೀಕ್ಷಿಸಬೇಕು. ಚೀಲ ಲಾರಿಯಲ್ಲಿ ಕುಲುಕಿ ಕುಲುಕಿ ತಲುಪುವ ಹೊತ್ತಿಗೆ ಕಾಳು ಕಾಳಾಗಿ ಉಳಿದಿರುವುದಿಲ್ಲವಲ್ಲ.

ದರ್ಜೆಗಳ ಕೋಷ್ಟಕವನ್ನು ತಲೆಕೆಳಗು ಮಾಡಿದ್ದೀರಿ. ಪೊಟ್ಯಾಸಿಯಂ ಬ್ರೋಮೇಟ್ ಮತ್ತು ಸೆಲ್ಯುಲೋಸ್ 3:2 (18 ಗ್ರಾಂ, 12 ಗ್ರಾಂ) ಒಂದನೇ ಪ್ಯಾಕಿಂಗ್ ಗುಂಪಿನ (ಸಾಗಾಟದಲ್ಲಿ ಅಪಾಯದ ದರ್ಜೆ, ಒಂದನೆಯದೇ ಹೆಚ್ಚು ಅಪಾಯದ್ದು) ಗಡಿ, 2:3 ಎರಡನೆಯದರದು, 3:7 (9 ಗ್ರಾಂ, 21 ಗ್ರಾಂ) ಮೂರನೆಯದರದು. ಬ್ರೋಮೇಟ್ ಹೆಚ್ಚಿದ್ದಷ್ಟೂ ಗುಡ್ಡೆ ಬೇಗ ಉರಿದು ಮುಗಿಯುತ್ತದೆ; ಅದನ್ನೂ ಹಿಂದೆ ಹಾಕುವ ಪುಡಿಯೇ ಒಂದನೇ ಗುಂಪಿಗೆ ಹೋಗುವುದು. ಐದೈದು ಸಲ ಓಡಿಸಿ ಸರಾಸರಿ ತೆಗೆದು, 4:1 ಮತ್ತು 1:1 ಎರಡರಲ್ಲಿ ಯಾವುದು ಬೇಗ ಮುಗಿಯಿತೋ ಅದನ್ನು ಹಿಡಿಯಬೇಕು. ಉದಾಹರಣೆ ಕೊಡಿ, ಅಂಕಿ ಕಲ್ಪನೆಯದು ಎಂದು ಹೇಳಿಯೇ ಕೊಡಿ: ಬ್ರೋಮೇಟ್ ಮಿಶ್ರಣಗಳು ಕ್ರಮವಾಗಿ 5, 50, 90 ಸೆಕೆಂಡು; ಮಾದರಿ 4:1ರಲ್ಲಿ 40, 1:1ರಲ್ಲಿ 70. ನಲವತ್ತು ಐವತ್ತಕ್ಕಿಂತ ಕಡಿಮೆ, ಐದಕ್ಕಿಂತ ಹೆಚ್ಚು, ಆದ್ದರಿಂದ ಎರಡನೇ ಗುಂಪು. ಹೊತ್ತಿಕೊಳ್ಳದ್ದು, ಅಥವಾ 3:7ಕ್ಕಿಂತ ನಿಧಾನವಾದದ್ದು 5.1ಕ್ಕೆ, ಎಂದರೆ ಸಾಗಾಟದ ನಿಯಮಗಳಲ್ಲಿ ಆಕ್ಸಿಡೈಸರ್‌ಗಳ ವರ್ಗಕ್ಕೆ, ಬರುವುದೇ ಇಲ್ಲ. ಲೇಬಲಿನ ಲೆಕ್ಕದಲ್ಲಿ ಈ ಮೂರು ಗುಂಪುಗಳೇ 1, 2, 3ನೇ ವರ್ಗಗಳು.

ಹೊಸ ವಿಧಾನ ಓ.3ರ ಬಗ್ಗೆ ನೀವು ಬರೆದೇ ಇಲ್ಲ. ಒಂದು ಪ್ಯಾರಾ ಸಾಕು. ಓ.1ರಲ್ಲಿ ಉರಿ ಯಾವಾಗ ನಿಂತಿತು ಎಂಬುದನ್ನು ಕಣ್ಣೇ ಹೇಳಬೇಕು, ಕೆಂಡದಂತೆ ಮಿನುಗುವ ಬೂದಿಯ ಮುಂದೆ ಇಬ್ಬರು ಎರಡು ಹೊತ್ತು ಹೇಳುತ್ತಾರೆ. ಓ.3ರಲ್ಲಿ ಗುಡ್ಡೆಯನ್ನು ತಕ್ಕಡಿಯ ಮೇಲಿಟ್ಟು, ತೂಕ 20ರಿಂದ 80 ಶೇಕಡಾ ಇಳಿಯಲು ಹಿಡಿದ ಕಾಲದಿಂದ ವೇಗ ತೆಗೆಯುತ್ತಾರೆ. ಹೋಲಿಕೆಗೆ ಬ್ರೋಮೇಟ್ ಬದಲು ಕ್ಯಾಲ್ಸಿಯಂ ಪೆರಾಕ್ಸೈಡ್. ಬ್ರೋಮೇಟ್ ಕ್ಯಾನ್ಸರ್‌ಕಾರಕ ಎಂಬ ಶಂಕೆ ಇದೆ. 2016ರಲ್ಲಿ ನಮ್ಮ ದೇಶದಲ್ಲಿ ಬ್ರೆಡ್ಡಿನಿಂದ ಅದನ್ನು ಹೊರಹಾಕಿದ್ದು ನಿಮ್ಮ ಓದುಗರಿಗೆ ನೆನಪಿರಬಹುದು.

ಇನ್ನು ಶುರುವಾತು. ಎರಡು ಪುಟ ಬೈರೂತ್. 2020ರ ಆಗಸ್ಟ್ 4, ಬಂದರು, 2,750 ಟನ್ ಅಮೋನಿಯಂ ನೈಟ್ರೇಟ್ ದಾಸ್ತಾನಿನ ಸ್ಫೋಟ. ಆ ಎರಡೂ ಪುಟ ತೆಗೆಯಿರಿ. ಅಮೋನಿಯಂ ನೈಟ್ರೇಟ್ ತಾನೇ ಸ್ಫೋಟಿಸಬಲ್ಲದ್ದು, ಅದರ ಗೊಬ್ಬರಗಳನ್ನು ಈ ಸೆಲ್ಯುಲೋಸ್ ಗುಡ್ಡೆಯಿಂದ ಅಳೆಯುವುದಿಲ್ಲ, ಕೈಪಿಡಿಯ 39ನೇ ವಿಭಾಗದಲ್ಲಿ ಅದಕ್ಕೆ ಬೇರೆಯೇ ದಾರಿ. ನಮ್ಮಲ್ಲಂತೂ 2012ರ ಪ್ರತ್ಯೇಕ ನಿಯಮಗಳೇ ಇವೆ. ನಿಮ್ಮ ವಿಷಯ ಒಂದು, ನಿಮ್ಮ ಬಾಗಿಲು ಇನ್ನೊಂದು ಮನೆಯದು.

ತಿಕೋಟಾದವರು ನೀವು, ಬೈರೂತ್ ತನಕ ಯಾಕೆ ಹೋಗಬೇಕು? ದ್ರಾಕ್ಷಿ ಪಡದ ಪಕ್ಕದ ಪತ್ರಾಸಿನ ಶೆಡ್ಡಿನಲ್ಲಿ ಡ್ರಿಪ್ಪಿಗೆ ಬಿಡುವ 13-0-45 ಚೀಲ ಇರುತ್ತದೆ; ಅದು ಪೊಟ್ಯಾಸಿಯಂ ನೈಟ್ರೇಟ್, ವಿಶ್ವಸಂಸ್ಥೆಯ ಗುರುತು ಸಂಖ್ಯೆ ಯುಎನ್ 1486, ಮೂರನೇ ಗುಂಪು. ಅದಕ್ಕೆ ಒರಗಿಸಿ ಬೂದಿ ರೋಗಕ್ಕೆ ಹೊಡೆಯುವ ಗಂಧಕ. ಮೇಲೆ ಖಾಲಿ ಗೋಣಿ ಕಟ್ಟು. ಗೊಬ್ಬರ ಕಲಸಿದ ನೀರು ಗೋಣಿಗೆ ಹೀರಿ ಒಣಗಿದರೆ ಆ ಗೋಣಿ ಮೊದಲಿನ ಗೋಣಿಯಲ್ಲ, ಒಂದು ಬೀಡಿ ತುಣುಕಿಗೆ ಧಗ್ಗನೆ ಏಳುತ್ತದೆ. ಲ್ಯಾಬಿನ ಸೆಲ್ಯುಲೋಸ್ ಮಿಶ್ರಣ ಶೆಡ್ಡಿನಲ್ಲಿ ತಾನಾಗಿಯೇ ತಯಾರಾದ ಹಾಗೆ. ಅಲ್ಲಿಂದ ಶುರು ಮಾಡಿದರೆ ಓದುಗ ಪರೀಕ್ಷೆಯ ತನಕ ನಿಮ್ಮ ಜೊತೆ ಬರುತ್ತಾನೆ. ಚೆಲ್ಲಿದ ನೈಟ್ರೇಟನ್ನು ಕಟ್ಟಿಗೆ ಪುಡಿಯಿಂದ ಒತ್ತಿ ತೆಗೆಯಬಾರದು, ಗಂಧಕವನ್ನು ಬೇರೆ ಕೋಣೆಯಲ್ಲಿಡಬೇಕು ಎಂಬ ಎರಡು ಮಾತು ಅಲ್ಲೇ ಸೇರಿಸಿ. ಇಳಕಲ್ಲಿನ ಕಡೆಯ ಓದುಗರಿಗೆ ನೂಲಿಗೆ ನ್ಯಾಫ್ಥಾಲ್ ಬಣ್ಣ ಹಾಕುವಾಗ ಬಳಸುವ ಸೋಡಿಯಂ ನೈಟ್ರೈಟ್ ಒಂದು ಸಾಲಿನಲ್ಲಿ ಬರಲಿ. ಅದು ಆಕ್ಸಿಡೈಸರ್ ಅಷ್ಟೇ ಅಲ್ಲ, ವಿಷವೂ ಹೌದು.

‘ಕ್ಯಾಲ್ಸಿಯಂ ನೈಟ್ರೇಟ್ ಎಲ್ಲವೂ 5.1’ ಎಂದದ್ದನ್ನೂ ತಿದ್ದಿ. ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಅಮೋನಿಯಂ ನೈಟ್ರೇಟ್‌ಗಳ ಜೋಡಿ ಲವಣವಾಗಿದ್ದು, ಅಮೋನಿಯಂ ನೈಟ್ರೇಟ್ 10 ಶೇಕಡಾ ಮೀರದ, ಸ್ಫಟಿಕದ ನೀರು ಕನಿಷ್ಠ 12 ಶೇಕಡಾ ಇರುವ ಗೊಬ್ಬರದರ್ಜೆಯ ಮಾಲಿಗೆ ಸಾಗಾಟದ ನಿಯಮಗಳಲ್ಲಿ ವಿನಾಯಿತಿ ಇದೆ.

ಚಿತ್ರವೂ ತಪ್ಪಾಗಿದೆ. ನೀವು ಬರೆಸಿದ್ದು ಬರೀ ಜ್ವಾಲೆ, ಅದು ಉರಿಯುವ ವಸ್ತುಗಳ ಗುರುತು. ಆಕ್ಸಿಡೈಸರ್‌ಗೆ ವೃತ್ತದ ಮೇಲೆ ಜ್ವಾಲೆ. ಲಾರಿಯ ಫಲಕದಲ್ಲಾದರೆ ಹಳದಿ ಹಿನ್ನೆಲೆ, ಕೆಳಗೆ 5.1. ಲೇಬಲಿನಲ್ಲಿ 1 ಮತ್ತು 2ನೇ ವರ್ಗಕ್ಕೆ ‘ಅಪಾಯ’, 3ಕ್ಕೆ ‘ಎಚ್ಚರಿಕೆ’ ಎಂಬ ಪದ ಬರುತ್ತದೆ, ನೀವು ಮೂರಕ್ಕೂ ಒಂದೇ ಹಾಕಿದ್ದೀರಿ.

ತಿದ್ದಿದ ಪ್ರತಿ 1,500 ಪದದೊಳಗಿರಲಿ. ‘ಮನೆಯಲ್ಲೇ ಮಾಡಿ ನೋಡಿ’ ಎಂಬ ಚೌಕಟ್ಟಿನ ಬರಹ ಬೇಡವೇ ಬೇಡ. ಕೋಷ್ಟಕವನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿ, ಅಂಕಿಗಳನ್ನು ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರಿಗೆ ತೋರಿಸಿದ ಮೇಲೆ.