ಕಾರ್ಖಾನೆ ಹೊಳೆ ಕೆಡಿಸಿದರೆ ಎಂಡಿ ಮೇಲೂ ಕೇಸ್ ಆಗುತ್ತಾ?

ಆಗುತ್ತದೆ. ಮುಧೋಳ ಕಡೆಯ ಯಾವುದೋ ಡಿಸ್ಟಿಲರಿ ರಾತ್ರೋರಾತ್ರಿ ಘಟಪ್ರಭೆಗೆ ಕಂದು ಬಣ್ಣದ ಸ್ಪೆಂಟ್‌ವಾಶ್ (ಮದ್ಯಸಾರ ತೆಗೆದ ಮೇಲೆ ಉಳಿಯುವ ಕೊಳಕು ನೀರು) ಬಿಟ್ಟಿತು ಅಂತ ಇಟ್ಟುಕೊಳ್ಳಿ. 1974ರ ಜಲ ಕಾಯ್ದೆಯ 47ನೇ ಕಲಂ ಪ್ರಕಾರ, ಆ ಹೊತ್ತಿಗೆ ಕಂಪನಿಯ ವ್ಯವಹಾರದ ಹೊಣೆ ಹೊತ್ತವರೂ ತಪ್ಪಿತಸ್ಥರೇ. ತನಗೆ ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಪೂರ್ತಿ ಎಚ್ಚರ ವಹಿಸಿದ್ದೆ ಅಂತ ಅವರೇ ಸಾಬೀತು ಮಾಡಬೇಕು. ಸುಮ್ನೆ ಬಾಯಿಮಾತು ನಡೆಯಲ್ಲ. ಇಟಿಪಿ (ಕೊಳಕು ನೀರು ಶುದ್ಧೀಕರಿಸುವ ಘಟಕ) ಓಡಿಸಿಯೇ ಇಲ್ಲ ಅಂತ ಅದರ ಲಾಗ್‌ಬುಕ್, ಕರೆಂಟ್ ಬಿಲ್ ಬೇರೆಯೇ ಕಥೆ ಹೇಳಬಹುದು, ಅಲ್ವಾ?

ಹೊಣೆಯಲ್ಲಿಲ್ಲದ ಡೈರೆಕ್ಟರ್‌ಗೂ ಬಿಡುಗಡೆ ಖಾತ್ರಿಯಿಲ್ಲ. ಅವರ ಒಪ್ಪಿಗೆ, ಶಾಮೀಲು ಅಥವಾ ನಿರ್ಲಕ್ಷ್ಯ ಸಾಬೀತಾದರೆ ಸಿಕ್ಕಿಬೀಳುತ್ತಾರೆ. ಮೋದಿ ಡಿಸ್ಟಿಲರಿ ಪ್ರಕರಣದಲ್ಲಿ (1987) ದೂರಿನಲ್ಲಿ ಕಂಪನಿಯ ಹೆಸರೇ ತಪ್ಪಿತ್ತು. ಆದರೂ ಸುಪ್ರೀಂ ಕೋರ್ಟ್ ಅಧ್ಯಕ್ಷ, ಎಂಡಿ, ಡೈರೆಕ್ಟರ್‌ಗಳ ಮೇಲಿನ ಕೇಸ್ ಕೈಬಿಡಲಿಲ್ಲ.

ಒಂದು ಬದಲಾವಣೆ: 2024ರ ತಿದ್ದುಪಡಿ ಜಾರಿಯಾದ ರಾಜ್ಯಗಳಲ್ಲಿ ಹಲವು ತಪ್ಪುಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡ. ದೊಡ್ಡ ಕಾರ್ಖಾನೆಗೆ ಅದು ಜಾಸ್ತಿಯೇನಲ್ಲ.